ಹೆಬ್ಬೂರಿನವರೆಗೆ ಹಿಡಿದಿಟ್ಟ ಸೀಟು

ಬಿತ್ತು, ಅಂತೂ ಬಿತ್ತು, ಕಿಟಕಿಯಿಂದ ತೂರಿದ ಟವೆಲ್ಲು ಸೀಟಿನ ಮೇಲೆ ಅರ್ಧ ಕೆಳಗೆ ಅರ್ಧ, ಕೆಂಪಂಚು ನೆಲ ಮುಟ್ಟುವ ಹಾಗೆ ಜೋತುಬಿದ್ದಿದೆ, ಅರವತ್ತೊಂದು ವರ್ಷಕ್ಕೆ ಇದೇ ಮೊದಲ ಸಲ ನಾನು ಹೀಗೆ ಸೀಟು ಹಿಡಿದದ್ದು, ಹಾಡಹಗಲು ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ, ಗುಬ್ಬಿ ಹೈಸ್ಕೂಲಿನ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಚನ್ನಬಸವಯ್ಯ, ಹಳೇ ಶಿಷ್ಯರು ಯಾರಾದರೂ ನೋಡಿದರೋ ಏನೋ, ನೋಡಲಿ ಬಿಡು – ಹತ್ತಿ ಕೂತೆ, ಕಿಟಕಿಯ ಕಡೆ ನಾನು, ಪಕ್ಕದಲ್ಲಿ ಟವೆಲ್ಲು, ಅದನ್ನು ಎಳೆದು ಸರಿಯಾಗಿ ಹರಡಿದೆ. ಅನಂತರಾಜು ಆಗಿದ್ದರೆ ಒಂದೇ ಏಟಿಗೆ ಸೀಟಿನ ನಡುಮಧ್ಯ ಬೀಳಿಸುತ್ತಿದ್ದ, ಅದೂ ಬಸ್ಸು ನಿಲ್ಲುವ ಮೊದಲೇ, ಪಕ್ಕದಲ್ಲಿ ಓಡುತ್ತ ಓಡುತ್ತ, ಹೆಬ್ಬೂರಿನಿಂದ ತುಮಕೂರಿಗೆ ಕಾಲೇಜಿಗೆ ಬರುತ್ತಿದ್ದ ಮೂರು ವರ್ಷದಲ್ಲಿ ನಾನು ನಿಂತುಕೊಂಡು ಬಂದ ದಿನ ಒಂದೂ ಇಲ್ಲ, ಲೇ ಚನ್ನ, ನಿಧಾನಕ್ ಬಾರ್ಲಾ, ಸೀಟ್ ಹಿಡ್ದಾಯ್ತು ಅಂತ ಒಳಗಿಂದ ಕೂಗುತ್ತಿದ್ದ, ನಾನು ಪುಸ್ತಕ ಎದೆಗವಚಿಕೊಂಡು ಜಮೀನ್ದಾರನ ಗತ್ತಿನಲ್ಲಿ ಹೋಗಿ ಕೂರುತ್ತಿದ್ದೆ. ಒಂದು ಸಲವೂ ಥ್ಯಾಂಕ್ಸ್ ಅಂದವನಲ್ಲ. ಈ ಟವೆಲ್ಲೂ ಅವನದೇ, ಪ್ಯಾರಿಸ್ಸಿನಿಂದ ನನ್ನ ಬ್ಯಾಗಿನಲ್ಲಿ ಬಂದದ್ದು ಒಂದೂವರೆ ವರ್ಷದಿಂದ ನಮ್ಮ ಬೀರುವಿನಲ್ಲಿತ್ತು, ಒಗೆದು ಕೊಟ್ಟುಬಿಡಬಾರದಾ ಅಂತ ಬಸವಲಿಂಗಮ್ಮ ನಾಲ್ಕು ಸಲ ಕೇಳಿದಳು, ಕೊಡ್ತೀನಿ ಕಣೇ ಅಂದೆ, ಹೆಂಡತಿಗೂ ಹೇಳಲಾಗದ ಸಂಗತಿ ಅದಕ್ಕೆ ಅಂಟಿಕೊಂಡಿದೆ. ಇವತ್ತು ಕೊಡಬೇಕು, ಹೇಳಬೇಕು. ಹೆಬ್ಬೂರಿನಲ್ಲಿ ಅವನು ಹತ್ತುತ್ತಾನೆ, ಅಲ್ಲಿಂದ ಕುಣಿಗಲ್ಲಿಗೆ ಅರ್ಧ ಗಂಟೆ, ಆ ಅರ್ಧ ಗಂಟೆಯಲ್ಲಿ ತಪ್ಪಾಯ್ತು ಕಣೋ ಅನ್ನುವ ಎರಡು ಮಾತು ಬಾಯಿಂದ ಬೀಳಬೇಕು, ಕುಣಿಗಲ್ ಸೇರಿದ ಮೇಲೆ ಆಗುವುದಿಲ್ಲ, ಅಲ್ಲಿ ಶಾಲಾ ಕ್ರೀಡಾಕೂಟ, ವೇದಿಕೆ, ಹಾರ, ಮೈಕು.

ಆ ಸಂತೋಷನದು ಈ ಕಿತಾಪತಿ, ನನ್ನ ಶಿಷ್ಯ, ಈಗ ಕುಣಿಗಲ್ಲಿನಲ್ಲಿ ಪಿಟಿ ಮೇಷ್ಟ್ರು, ಸಾರ್, ಒಲಿಂಪಿಕ್ಸ್ ಕಣ್ಣಾರೆ ನೋಡ್ಕೊಂಡ್ ಬಂದಿರೋರು ನಮ್ ಕಡೆ ನೀವಿಬ್ರೇ, ಇಬ್ರೂ ಬಂದು ಮಕ್ಕಳಿಗೆ ಎರಡ್ ಮಾತಾಡ್ಬೇಕು, ಅನಂತರಾಜು ಸಾರ್ ಒಪ್ಪವ್ರೆ ಅಂದ. ಒಪ್ಪಿದನಾ, ನಾನೂ ಬರುತ್ತೇನೆಂದು ಗೊತ್ತಿದ್ದೂ ಒಪ್ಪಿದನಾ ಅಂತ ಮೂರು ದಿನ ಅದನ್ನೇ ಮೆಲುಕು ಹಾಕಿದೆ, ಕೋಪ ಇಳಿದಿರಬೇಕು ಅಂದುಕೊಂಡೆ – ಕೋಪ ಮಾಡಿಕೊಂಡಿದ್ದರೆ ತಾನೆ ಇಳಿಯುವುದಕ್ಕೆ, ಅವನು ಬೈದೇ ಇಲ್ಲವಲ್ಲ, ಬೈದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಸಾರ್, ಈ ಸೀಟು ಯಾರ್ದು, ಕಂಡಕ್ಟರು, ಗೂಳೂರು ಬಂತಾ ಆಗಲೇ, ಹೆಬ್ಬೂರಲ್ಲಿ ಹತ್ತುತಾರಪ್ಪ ಅಂದೆ, ಹೆಬ್ಬೂರ್ ತನಕ ಖಾಲಿ ಬುಡಕಾಗಲ್ಲ ಸಾರ್, ರಶ್ ನೋಡಿ, ನಾನು ಟವೆಲ್ಲಿನ ಮೇಲೆ ಕೈ ಒತ್ತಿ ಹಿಡಿದು ಕಿಟಕಿಯಾಚೆ ನೋಡುತ್ತೇನೆ, ಚೀಲ ಹಿಡಿದ ಹೆಂಗಸೊಬ್ಬಳು ನಿಂತೇ ಇದ್ದಾಳೆ, ಓದ್ದೋರೆ ಹಿಂಗಾಡಿದ್ರೆ ಹೆಂಗೆ ಅನ್ನುತ್ತಾಳೆ, ನನಗಲ್ಲ, ಬಸ್ಸಿಗೆಲ್ಲ ಕೇಳುವ ಹಾಗೆ, ಕಿವಿ ಬಿಸಿಯಾಗುತ್ತದೆ. ಆದರೂ ಬಿಡುವುದಿಲ್ಲ. ಎಲ್ಲರೂ ದುರುಗುಟ್ಟಿ ನೋಡುವಾಗ ಸ್ನೇಹಿತನಿಗಾಗಿ ಜಾಗ ಹಿಡಿದು ಕೂರುವುದು ಎಷ್ಟು ಕಷ್ಟ ಅಂತ ಇವತ್ತು ಗೊತ್ತಾಗುತ್ತಿದೆ ನನಗೆ, ಕಾಲೇಜು ಮುಗಿದ ಮೇಲೂ ಹೋದಲ್ಲೆಲ್ಲ ಅವನು ನಲವತ್ತು ವರ್ಷ ಮಾಡಿದ್ದು ಇದನ್ನೇ.

ಪ್ಯಾರಿಸ್ಸಿಗೆ ಹೋಗೋಣ ಅಂದವನೂ ಅವನೇ. ಇಂಗ್ಲಿಷ್ ನಿಂದು, ಓಡಾಟ ನಂದು, ನಡಿಯಲೇ ಅಂದ. ಸ್ಟೇಡಿಯಮ್ಮಿನಲ್ಲಿ ಎರಡು ದಿನ ನೋಡಿ ಮುಖ ಸಿಂಡರಿಸಿದ, ಸೀಟಿಗೆಲ್ಲ ನಂಬರ್ ಹಾಕ್ಬುಟ್ಟವ್ರೆ, ಹಿಡಿಯಕೇನೈತ್ಲಾ ಮಜಾ ಇಲ್ಲಿ, ನಾನು ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಅವನು ಬಂದದ್ದು ಮ್ಯಾರಥಾನಿಗೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಹುಲಿಯೂರುದುರ್ಗದಿಂದ ಕುಣಿಗಲ್ಲಿನವರೆಗೆ ಬರಿಗಾಲಲ್ಲಿ ಓಡಿ ಎರಡನೆಯವನಾಗಿ ಬಂದಿದ್ದವನು, ಆಮೇಲೆ ತೋಟ, ತೆಂಗು, ಸಂಸಾರ, ಓಟ ಅಲ್ಲಿಗೇ ನಿಂತಿತು, ಮನಸ್ಸಿನಿಂದ ಹೋಗಿರಲಿಲ್ಲ, ನಲವತ್ತೆರಡು ಕಿಲೋಮೀಟ್ರು ಓಡ್ದೋನ್ ಮುಖ ಹೆಂಗಿರುತ್ತೆ ಅಂತ ಹತ್ರದಿಂದ ನೋಡ್ಬೇಕು ಕಣ್ಲಾ, ಅದೊಂದ್ ನೋಡುದ್ರೆ ಸಾಕು ಅಂತ ವಿಮಾನದಲ್ಲೂ ಅದನ್ನೇ ಹೇಳಿದ. ಮ್ಯಾರಥಾನಿಗೆ ಟಿಕೆಟ್ಟಿಲ್ಲ, ಸೀಟಿಲ್ಲ, ನಂಬರಿಲ್ಲ, ನದಿಯ ದಂಡೆಯ ರಸ್ತೆಯುದ್ದಕ್ಕೂ ಕಬ್ಬಿಣದ ಕಟಕಟೆ, ಮೊದಲು ಬಂದವರಿಗೆ ಮುಂದಿನ ಜಾಗ, ಅವನ ಮುಖ ಅರಳಿಹೋಯಿತು, ಇದು ನಮ್ ಆಟ ನೋಡು ಅಂದ. ಬೆಳಿಗ್ಗೆ ಆರಕ್ಕೇ ಮೆಟ್ರೋ ಇಳಿದದ್ದೇ ಓಡಿದ, ನಿಧಾನಕ್ ಬಾ, ನನ್ನ ಮಂಡಿಯ ಮೇಲೆ ಅವನಿಗೆ ಯಾವಾಗಲೂ ಕನಿಕರ. ನಾನು ದಾರಿ ಕೇಳಿಕೊಂಡು ಬೇರೆ ಕಡೆಯಿಂದ ಹೋದೆ, ದೂರದಿಂದಲೇ ಕಂಡಿತು, ಕಟಕಟೆಯ ಮೇಲೆ ಈ ಕೆಂಪಂಚು, ಅಚ್ಚುಕಟ್ಟಾಗಿ, ಇಬ್ಬರು ನಿಲ್ಲುವಷ್ಟು ಉದ್ದಕ್ಕೆ ಹಾಸಿ, ನನ್ನನ್ನು ಕರೆತರಲು ವಾಪಸ್ ಹೋಗಿದ್ದಾನೆ ಪುಣ್ಯಾತ್ಮ. ಪಕ್ಕದಲ್ಲಿ ಒಬ್ಬ ಇಂಗ್ಲಿಷ್ ಗಂಡ, ಹೆಂಡತಿ, ಈ ಬಟ್ಟೆ ನಿಮ್ಮದೇ ಅಂತ ಕೇಳಿದರು, ಹೌದು ಅಂದೆ, ಮೊಣಕೈ ಊರಿ ನಿಂತೆ, ಮಾತು ಬೆಳೆಯಿತು, ಎಷ್ಟು ಸೊಗಸಾದ ಇಂಗ್ಲಿಷ್ ನಿಮ್ಮದು ಅಂದಳು ಆಕೆ. ಮೂವತ್ತೈದು ವರ್ಷ ಗುಬ್ಬಿಯಲ್ಲಿ ಪಾಠ ಮಾಡಿದ್ದಕ್ಕೆ ಒಬ್ಬರೂ ಹಾಗಂದಿರಲಿಲ್ಲ, ಉಬ್ಬಿಹೋದೆ.

ನಾಗವಲ್ಲಿ ದಾಟಿತು, ಇನ್ನು ಸ್ವಲ್ಪ ಹೊತ್ತು. ಅವತ್ತು ಆ ಕಟಕಟೆಯ ಹಿಂದೆ ಅಷ್ಟು ಹೊತ್ತಿಗೆ ಜನ ಐದಾರು ಸಾಲು ಒತ್ತಿ ನಿಂತಿದ್ದರು, ಹಿಂದಿನಿಂದ ಗಲಾಟೆ, ಯಾರೋ ಬೈಯುತ್ತಿದ್ದಾರೆ, ಜರುಗಿ ಸ್ವಲ್ಪ ಜರುಗಿ, ಕನ್ನಡ, ಅವನೇ, ಜಾತ್ರೆ ಬಸ್ಸಿಗೆ ನುಗ್ಗುವ ಹಾಗೆ ಮೊಣಕೈಯಲ್ಲಿ ದಾರಿ ಮಾಡಿಕೊಂಡು ಬರುತ್ತಿದ್ದಾನೆ, ಯಾರದೋ ಕಾಲು ತುಳಿದ, ಯಾರದೋ ಕಾಫಿ ಚೆಲ್ಲಿತು, ಮಗುವೊಂದು ಅಳತೊಡಗಿತು. ಹತ್ತೇ ಅಡಿ ದೂರದಲ್ಲಿ ವಾಲಂಟಿಯರ್ ಹುಡುಗಿ ಅವನಿಗೆ ಅಡ್ಡ ನಿಂತಳು. ಬೆವರಿದ ಮುಖ, ಕಂಕುಳಲ್ಲಿ ಚಪಾತಿಯ ಡಬ್ಬಿ, ನನ್ನನ್ನು ಕಂಡವನೇ ಬಾಯ್ತುಂಬ ನಕ್ಕ, ಲೇ ಚನ್ನ, ಹೇಳ್ಲಾ ಈ ತಾಯಿಗೆ, ನಾನು ನಿನ್ ಜೊತೆಗೆ ಅಂತ. ಎಲ್ಲರೂ ನನ್ನ ಕಡೆ ತಿರುಗಿದರು. ಇವರು ನಿಮ್ಮ ಜೊತೆಯವರೇ ಸರ್, ಇಂಗ್ಲಿಷಿನಲ್ಲಿ ಕೇಳಿದಳು ಹುಡುಗಿ, ಆ ದಂಪತಿಗಳೂ ನೋಡುತ್ತಿದ್ದಾರೆ, ಆಕೆಯ ಹುಬ್ಬು ಸ್ವಲ್ಪ ಮೇಲೆದ್ದಿದೆ, ಅಷ್ಟೇ, ಒಂದು ಹುಬ್ಬು – ನೋ ಅಂದೆ. ತಲೆಯನ್ನೂ ಆಡಿಸಿದೆ. ಅವನಿಗೆ ಇಂಗ್ಲಿಷ್ ಬಾರದಿರಬಹುದು, ನೋ ಅನ್ನುವುದು ಯಾರಿಗೆ ತಿಳಿಯದು, ನಗು ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಹೊತ್ತು ಮುಖದ ಮೇಲೇ ಇತ್ತು, ಆಮೇಲೆ ಅವನ ಕಣ್ಣು ನನ್ನ ಮುಖದಿಂದ ಕೆಳಗಿಳಿದು ಟವೆಲ್ಲಿನ ಮೇಲೆ ಊರಿದ್ದ ನನ್ನ ಮೊಣಕೈಗಳ ಮೇಲೆ ನಿಂತಿತು. ತಾನಾಗಿಯೇ ಹಿಂದಕ್ಕೆ ಹೋದ, ದಾರಿಯಲ್ಲಿ ಕಾಲು ತುಳಿದವರಿಗೆಲ್ಲ ಕೈ ಮುಗಿಯುತ್ತ.

ಓಡಿದವರು ಬಂದರು, ಹೋದರು, ನಾನು ಮುಖ ನೋಡಿದೆ, ತುಟಿಯ ಮೇಲೆ ಒಣಗಿದ ಉಪ್ಪು, ಏನನ್ನೂ ನೋಡದ ಕಣ್ಣು, ಅವನು ನಲವತ್ತು ವರ್ಷ ನೋಡಬೇಕೆಂದಿದ್ದ ಮುಖವನ್ನು ಅವನ ಟವೆಲ್ಲಿಗೆ ಒರಗಿ ನಾನು ನೋಡಿದೆ. ಮೆಟ್ರೋ ಬಾಗಿಲಲ್ಲಿ ಕಾಯುತ್ತಿದ್ದ, ಚೆನ್ನಾಗ್ ಕಾಣಿಸ್ತಾ ಮೇಷ್ಟ್ರೇ ಅಂದ. ಲೇ ಚನ್ನ ಹೋಗಿ ಮೇಷ್ಟ್ರೇ. ನಿನಗೆ ಅಂದೆ, ಏನು ಕೇಳಬೇಕೆಂದೇ ತಿಳಿಯದೆ, ನಂಗೆ ಚಪ್ಪಾಳೆ ಕೇಳಿಸ್ತು ಬುಡಿ ಅಂದ. ಇನ್ನೂ ನಾಲ್ಕು ದಿನ ಒಂದೇ ರೂಮು, ದಿನಾ ಚಟ್ನಿಪುಡಿ ಕಲಸಿ ಮೊದಲು ನನ್ನ ತಟ್ಟೆಗೆ ಹಾಕಿದ, ಊಟ ಮಾಡಿ ಮೇಷ್ಟ್ರೇ, ಬೀಗ ಹಾಕ್ದ್ರಾ ಮೇಷ್ಟ್ರೇ, ಒಂದು ದಿನ ಎದೆಗೆ ಒದ್ದಿದ್ದರೂ ಚೆನ್ನಾಗಿತ್ತು. ನಾನೋ, ಊರಿಗೆ ಬಂದ ಮೇಲೆ ಗುಬ್ಬಿಯಲ್ಲಿ ನನಗೆ ಮಾಡಿದ ಸನ್ಮಾನದಲ್ಲಿ ಮೈಕು ಹಿಡಿದು ನಾನೂ ನನ್ನ ಬಾಲ್ಯದ ಗೆಳೆಯನೂ ಭುಜಕ್ಕೆ ಭುಜ ಕೊಟ್ಟು ನಿಂತು ನೋಡಿದೆವು ಅಂದೆ, ನಾಚಿಕೆಗೆಟ್ಟವನು, ಜನ ಚಪ್ಪಾಳೆ ಹೊಡೆದರು. ಇವತ್ತು ಕುಣಿಗಲ್ಲಿನ ವೇದಿಕೆಯ ಮೇಲೆ ಅವನು ಪಕ್ಕದಲ್ಲೇ ಕೂತಿರುತ್ತಾನೆ, ಅದನ್ನೇ ಹೇಗೆ ಹೇಳುವುದು, ಮಕ್ಕಳ ಮುಂದೆ ನಿಜವನ್ನೇ ಹೇಳಿಬಿಡುತ್ತೇನೆ, ಅದಕ್ಕೂ ಮೊದಲು ಅವನಿಗೆ, ಬಸ್ಸಿನಲ್ಲಿ, ಈ ಸೀಟಿನಲ್ಲಿ. ಹೆಬ್ಬೂರು ಹೆಬ್ಬೂರು, ನಿಂತಿತು, ಕೆಳಗೆ ಕಾಣಿಸಿದ, ಬಿಳಿ ಷರಟು, ಇಸ್ತ್ರಿ ಮಾಡಿಸಿದ್ದಾನೆ, ಕೂದಲೆಲ್ಲ ಹಣ್ಣಾಗಿದೆ, ಯಾರೋ ಮುದುಕಿಯ ರಟ್ಟೆ ಹಿಡಿದು ಹತ್ತಿಸುತ್ತಿದ್ದಾನೆ, ಅನಂತ, ಇಲ್ಲಿ, ಸೀಟ್ ಹಿಡಿದಿದೀನಿ ಕಣೋ, ಬಸ್ಸೆಲ್ಲ ತಿರುಗಿ ನೋಡುವ ಹಾಗೆ ಕೂಗಿಬಿಟ್ಟೆ. ಕೇಳಿಸಿತು ಅವನಿಗೆ. ಬಂದ. ನನ್ನನ್ನು ನೋಡಿದ, ಟವೆಲ್ ನೋಡಿದ, ಗುರುತು ಹಿಡಿದ, ಮುಖದಲ್ಲಿ ಏನೋ ಸ್ವಲ್ಪ ಅಲುಗಿದ ಹಾಗಾಯಿತು, ಅನಂತ, ಅವತ್ತು ನಾನು – ಅನ್ನುವಷ್ಟರಲ್ಲಿ ಬಗ್ಗಿ ಟವೆಲ್ ತೆಗೆದುಕೊಂಡ, ಬಾ ಹನುಮಕ್ಕ, ಕೂತ್ಕೊ, ಇಲ್ಲಿ ಯಾರೂ ಇಲ್ಲ, ಖಾಲಿ ಸೀಟು, ಮುದುಕಿ ಉಸ್ಸಪ್ಪಾ ಅಂತ ಕೂತಳು. ಅವನು ಟವೆಲ್ಲನ್ನು ಎರಡು ಮಡಿಕೆ ಮಾಡಿದ, ಇನ್ನೊಂದು ಸಲ ಮಡಿಸಿದ, ಕೆಂಪಂಚು ಮೇಲೆ ಬರುವ ಹಾಗೆ, ನನ್ನ ತೊಡೆಯ ಮೇಲಿಟ್ಟ, ನಿಮ್ ಟವೆಲ್ಲು ಮೇಷ್ಟ್ರೇ, ಬಿದ್ದೋದಾತು, ಜೋಪಾನ ಅಂದು ಬಾಗಿಲ ಕಡೆಗೆ ಹೋಗಿ ಕಂಬಿ ಹಿಡಿದು ನಿಂತ, ನಡುವೆ ಐದಾರು ಸಾಲು ಜನ, ದೂರ ಹತ್ತೇ ಅಡಿ. ಬಸ್ಸು ಹೊರಟಿತು, ಮುಂದಕ್ಕೆ ಜೋಲಿ ಹೊಡೆದೆ, ಬೀಳದ ಹಾಗೆ ಊರಿಕೊಂಡೆ, ಆಮೇಲೆ ಕೆಳಗೆ ನೋಡಿದೆ, ಕೆಂಪಂಚು, ಅವನ ಟವೆಲ್ಲು, ಅದರ ಮೇಲೆ ನನ್ನ ಎರಡು ಮೊಣಕೈ