ಮೂರು ಕಾಲೇಜಿನ ಗಾರ್ಡು

ದಿನೇಶನಿಗೆ ಇಪ್ಪತ್ತನಾಲ್ಕು ತುಂಬಿತ್ತು, ಬಿ.ಕಾಂ. ಇನ್ನೂ ಮುಗಿದಿರಲಿಲ್ಲ. ಅವನ ಜೊತೆ ಪಿಯುಸಿ ಓದಿದವರಲ್ಲಿ ಒಬ್ಬ ಮದುವೆಯಾಗಿ, ಮಗುವಿನ ಮುಡಿ ತೆಗೆಸಿಕೊಂಡು ಬಂದೂ ಆಗಿತ್ತು. ಇವನು ಮಾತ್ರ ಬೆಳಗಾದರೆ ಮಂಡಿಗೆ ಪಟ್ಟಿ ಸುತ್ತಿಕೊಂಡು, ಕತ್ರಿಗುಪ್ಪೆಯ ಮನೆಯಿಂದ ಸ್ಕೂಟರು ಒದ್ದು ಜೆ.ಪಿ. ನಗರದ ಕಾಲೇಜಿಗೆ ಹೊರಡುತ್ತಿದ್ದ. ಕ್ಲಾಸು ಯಾವ ಮಹಡಿಯಲ್ಲಿದೆ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಯಾವ ಮೂಲೆಯಲ್ಲಿ ಚೆಂಡು ಸರಿಯಾಗಿ ಪುಟಿಯುವುದಿಲ್ಲ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ.

ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತ ಅಜ್ಜಿ ಮುನಿವೆಂಕಟಮ್ಮ ದಿನಾ ಒಂದು ಮಾತು ಎಸೆಯದೆ ಬಿಡುತ್ತಿರಲಿಲ್ಲ.

"ಏನ್ಲಾ, ಈ ಕಾಲೇಜ್ನಾಗೂ ಒಂದನೇ ಕ್ಲಾಸೇನ್ಲಾ?"

"ಇಲ್ಲ ಕಣಜ್ಜಿ, ಇದು ಕೊನೇ ವರ್ಷ. ಇದೇ ಕೊನೇದು."

"ಹೋದ್ ಕಾಲೇಜ್ನಾಗೂ ಕೊನೇದು ಅಂತಿದ್ದೆ."

"ಅದು ಬೇರೆ ಕೊನೇದು."

"ನಿಮ್ಮಪ್ಪನ್ ಅಂಗ್ಡೀಲಿ ಮೊಳೆ ತೂಗಿದ್ರೂ ಇಷ್ಟೊತ್ಗೆ ಮನುಷ್ಯ ಆಗ್ತಿದ್ದೆ," ಎಂದು ಅಜ್ಜಿ ನಗುತ್ತಿದ್ದಳು. ಹಾರ್ಡ್‌ವೇರ್ ಅಂಗಡಿಯ ಗಂಗಾಧರಯ್ಯ ನಗುತ್ತಿರಲಿಲ್ಲ. ಮಗನ ಬೂಟು ಕಂಡರೆ ಮುಖ ಆಚೆ ತಿರುಗಿಸಿ ಫೋನು ನೋಡುತ್ತಿದ್ದ.

ಕಾಲೇಜುಗಳು ಆಟಗಾರನನ್ನು ತರುವುದು ಮದುವೆ ಮನೆಗೆ ಶಾಮಿಯಾನ ತಂದ ಹಾಗೆ. ಬೇಕಾದಾಗ ಕಂಬ ನೆಟ್ಟು, ಬಣ್ಣದ ಬಟ್ಟೆ ಎಳೆದು, ಕೆಳಗೆ ನಿಂತು ಫೋಟೋ ಹಿಡಿಸಿಕೊಳ್ಳುತ್ತಾರೆ. ಊಟ ಮುಗಿದ ಮೇಲೆ ಬಿಚ್ಚಿ ಲಾರಿಗೆ ಒಗೆಯುತ್ತಾರೆ. ದಿನೇಶ ಮೊದಲು ಸೇರಿದ್ದು ಬನಶಂಕರಿಯ ಒಂದು ಕಾಲೇಜಿಗೆ, ಸ್ಪೋರ್ಟ್ಸ್ ಕೋಟಾದಲ್ಲಿ, ಬಿ.ಕಾಂ.ಗೆ. ಎರಡು ವರ್ಷ ಆಡಿಸಿದರು. ಆಮೇಲೆ ಮ್ಯಾನೇಜ್‌ಮೆಂಟಿನವರು ಕೋರ್ಟಿನ ಕಂಬ ಕಿತ್ತು ಕಾರು ನಿಲ್ಲಿಸತೊಡಗಿದರು. ಟೀಮೂ ಹೋಯಿತು, ಇವನ ಸೀಟೂ ಹೋಯಿತು. ಬಿಟಿಎಂ ಲೇಔಟಿನ ಇನ್ನೊಂದು ಕಾಲೇಜು ಕರೆಯಿತು. ಅಲ್ಲಿ ಬಿ.ಕಾಂ. ಇರಲಿಲ್ಲ, ಬಿಬಿಎ ಇತ್ತು. ಮತ್ತೆ ಮೊದಲನೇ ವರ್ಷ. ಅಲ್ಲಿಯೂ ಎರಡು ವರ್ಷ, ಎರಡು ಕಪ್ಪು. ಆಮೇಲೆ ಮಂಡಿ ತಿರುಚಿಕೊಂಡಿತು. ಆಸ್ಪತ್ರೆಗೆ ಹೂವಿನ ಗೊಂಚಲು ಕಳಿಸಿದವರೇ ಮುಂದಿನ ತಿಂಗಳು ಅವನ ಜಾಗಕ್ಕೆ ದಾವಣಗೆರೆಯ ಹುಡುಗನನ್ನು ಕರೆತಂದರು. ಮಂಡಿ ವಾಸಿಯಾಗುವಷ್ಟರಲ್ಲಿ ಕೈಹಿಡಿದದ್ದು ಈ ಜೆ.ಪಿ. ನಗರದ ಕಾಲೇಜು. ಮತ್ತೆ ಬಿ.ಕಾಂ., ಮತ್ತೆ ಮೊದಲನೇ ವರ್ಷ. ಇಲ್ಲಿ ಹೇಗೋ ಕೊನೇ ಸೆಮಿಸ್ಟರಿನವರೆಗೆ ಬಂದು ಮುಟ್ಟಿದ್ದ.

ಡಿಗ್ರಿ ಅವನಿಗೆ ಯಾಕೆ ಬೇಕಿತ್ತೆಂದರೆ, ಡಿಗ್ರಿ ಇಲ್ಲದೆ ದೈಹಿಕ ಶಿಕ್ಷಣದ ಬಿ.ಪಿ.ಎಡ್.ಗೆ ಸೇರಿಸಿಕೊಳ್ಳುವುದಿಲ್ಲ. ಬಿ.ಪಿ.ಎಡ್. ಇಲ್ಲದೆ ಯಾವ ಶಾಲೆಯೂ ಕೋಚ್ ಅಂತ ಕೆಲಸ ಕೊಡುವುದಿಲ್ಲ. ಮಂಡಿ ಇನ್ನೆಷ್ಟು ದಿನ ಬಾಳುತ್ತದೆ ಅನ್ನುವುದು ಮೆಟ್ಟಿಲು ಇಳಿಯುವಾಗಲೆಲ್ಲ ಗೊತ್ತಾಗುತ್ತಿತ್ತು. ಆಡುವುದು ನಿಂತ ಮೇಲೂ ಕೋರ್ಟಿನ ಪಕ್ಕದಲ್ಲಿ ನಿಲ್ಲಬೇಕೆಂದರೆ ಈ ಒಂದು ಪರೀಕ್ಷೆ ಬರೆಯಲೇಬೇಕು. ಅವನಿಗಿದ್ದ ಆಸೆ ಅಷ್ಟೇ.

ಪರೀಕ್ಷೆಗೆ ಕೂರಲು ಹಾಜರಿ ಬೇಕು. ಆಟಗಾರರು ಕ್ಲಾಸಿನಲ್ಲಿ ಇರುವುದಿಲ್ಲವಾದ್ದರಿಂದ ಅವರಿಗೆ 'ಓ.ಡಿ.' ಹಾಕುತ್ತಾರೆ, ಆನ್ ಡ್ಯೂಟಿ. ಆ ಓ.ಡಿ.ಗೆ ಸಹಿ ಹಾಕುವವರು ಫಿಸಿಕಲ್ ಡೈರೆಕ್ಟರ್ ಶಂಭುಲಿಂಗಪ್ಪ, ಎಲ್ಲರ ಬಾಯಲ್ಲಿ ಪಿ.ಡಿ. ಸಾರ್. ದಿನೇಶನ ಹಾಜರಿ ಪೂರ್ತಿ ಅವರ ಪೆನ್ನಿನಲ್ಲಿತ್ತು. ಈ ಸೆಮಿಸ್ಟರಿನದು ಒಂದಕ್ಕೂ ಸಹಿ ಬಿದ್ದಿರಲಿಲ್ಲ.

"ಇಂಟರ್ ಕಾಲೇಜ್ ಫೈನಲ್ ಗೆದ್ಕೊಡು ಮಗನೇ, ಒಂದೇ ಏಟಿಗೆ ಎಲ್ಲಾ ಹಾಕ್ಬಿಡ್ತೀನಿ," ಅಂದಿದ್ದರು ಪಿ.ಡಿ. ಸಾರ್. "ನಾನು ಮಾತು ತಪ್ಪೋನಾ?"

ಫೈನಲ್ ಜಯನಗರದ ಒಂದು ಮೈದಾನದಲ್ಲಿ ಬಿತ್ತು. ಎದುರಾಳಿ ಅದೇ ಬಿಟಿಎಂ ಕಾಲೇಜು, ಇವನ ಮಂಡಿ ಹೋದಾಗ ಇವನನ್ನೂ ಬಿಟ್ಟ ಕಾಲೇಜು. ಅವರ ಕಡೆ ಬುಟ್ಟಿಯ ಕೆಳಗೆ ನಿಲ್ಲುವವನು ರಘು. ಎರಡು ವರ್ಷ ದಿನೇಶ ಚೆಂಡು ತಂದು ಕೈಗಿಟ್ಟು ಬೆಳೆಸಿದ ಹುಡುಗ, ಈಗ ಅಲ್ಲೇ ಎಂಬಿಎ ಓದುತ್ತ ಬಾಗಿಲಿನಷ್ಟು ಎತ್ತರ ಆಗಿದ್ದ.

ಐದು ಜನರಲ್ಲಿ ಚೆಂಡು ಮುಂದಕ್ಕೆ ತಂದು, ಯಾರು ಎಲ್ಲಿಗೆ ಓಡಬೇಕು ಅಂತ ಕೂಗಿ ಹೇಳುವವನು ಗಾರ್ಡು. ಎದುರಿನವರಿಗೆ ತಿಳಿಯಬಾರದೆಂದು ಒಂದೊಂದು ಕಾಲೇಜೂ ಒಂದೊಂದು ಗುಟ್ಟಿನ ಭಾಷೆ ಮಾಡಿಕೊಂಡಿರುತ್ತದೆ. ಬನಶಂಕರಿಯಲ್ಲಿ ಬಸ್ ಸ್ಟಾಪಿನ ಹೆಸರುಗಳಿದ್ದವು: 'ಶ್ರೀನಗರ' ಅಂದರೆ ಎಡಕ್ಕೆ, 'ತಿಲಕ್ ನಗರ' ಅಂದರೆ ಬಲಕ್ಕೆ. ಬಿಟಿಎಂನಲ್ಲಿ ದೋಸೆಗಳು: 'ಸೆಟ್' ಅಂದರೆ ಇಬ್ಬರು ಸೇರಿ ಗಾರ್ಡಿಗೆ ಅಡ್ಡ ನಿಂತು ದಾರಿ ಮಾಡಬೇಕು, 'ಖಾಲಿ' ಅಂದರೆ ಎಲ್ಲರೂ ಮೂಲೆಗೆ ಸರಿದು ಬುಟ್ಟಿಯ ಮುಂದಿನ ಜಾಗ ಬಿಟ್ಟುಕೊಡಬೇಕು, ಗಾರ್ಡು ಒಬ್ಬನೇ ನುಗ್ಗುತ್ತಾನೆ. ಜೆ.ಪಿ. ನಗರದವರು ನೆಂಟರನ್ನು ಇಟ್ಟುಕೊಂಡಿದ್ದರು: ಮಾವ, ಅತ್ತೆ, ಷಡ್ಕ. ನಿದ್ದೆಯಲ್ಲಿ ದಿನೇಶ ಮೂರನ್ನೂ ಕಲಸಿ ಕನವರಿಸುತ್ತಿದ್ದ. ಅಜ್ಜಿ ಎಬ್ಬಿಸಿ, "ಯಾವ್ ಅತ್ತೆ ಶ್ರೀನಗರಕ್ಕೆ ಹೋದ್ಲೋ?" ಅಂತ ಕೇಳಿದ್ದೂ ಉಂಟು.

ಆಟ ಕೊನೆಗೆ ಬಂದಿತ್ತು. ಬಿಟಿಎಂನವರು ಒಂದು ಪಾಯಿಂಟ್ ಮುಂದಿದ್ದರು. ದಿನೇಶನ ಬಾಯಿ ಒಣಗಿ ಮರಳಾಗಿತ್ತು, ಮಂಡಿ ಒಳಗಡೆ ಯಾರೋ ಸ್ಕ್ರೂ ತಿರುವಿದ ಹಾಗೆ ನೋಯುತ್ತಿತ್ತು. ಚೆಂಡು ಪುಟಿಸುತ್ತ ಗೆರೆ ದಾಟಿದ. ಬಿಟಿಎಂನಲ್ಲಿದ್ದಾಗ ಆಡಿದ ಅದೇ ಜಯನಗರ, ಅದೇ ಬೇವಿನ ಮರಗಳು, ಎದುರಿಗೆ ಅದೇ ಹಳದಿ ಬನಿಯನ್ನುಗಳು. ಎರಡು ವರ್ಷ ಅವನೇ ತೊಟ್ಟಿದ್ದ ಹಳದಿ. ಪಕ್ಕದಲ್ಲಿ ಅವನದೇ ತಂಡದ ಭಾರ್ಗವ, ಜಯನಗರದ ಡಾಕ್ಟರರ ಮಗ, "ಮಾವನಾ ಅಣ್ಣ, ಮಾವನಾ?" ಎಂದು ಕಿರುಚುತ್ತಿದ್ದ.

ಮಾವ ಅನ್ನಬೇಕಿತ್ತು. ದಿನೇಶನ ಬಾಯಿಂದ ಬಂದದ್ದು, "ಖಾಲೀ!"

ಅವನ ತಂಡದವರು ಬೆಪ್ಪಾಗಿ ನಿಂತರು. ಆ ಮಾತು ಅವರು ಕೇಳಿಯೇ ಇರಲಿಲ್ಲ. ಆದರೆ ಬುಟ್ಟಿಯ ಕೆಳಗೆ ಕಂಬದ ಹಾಗೆ ನಿಂತಿದ್ದ ರಘುವಿನ ಕಾಲು ಎದ್ದಿತು. ಎರಡು ವರ್ಷ ಅದೇ ಗಂಟಲು, ಅದೇ ಮಾತು ಕೇಳಿ ಪಳಗಿದ ಕಾಲು, ತಲೆಯನ್ನು ಕೇಳದೆ ಮೂಲೆಯ ಕಡೆ ಒಂದು ಹೆಜ್ಜೆ ಹಾಕಿಬಿಟ್ಟಿತು. ರಘು ಮರುಕ್ಷಣವೇ ತಿರುಗಿದ. ಅಷ್ಟರಲ್ಲಿ ದಿನೇಶ ಆ ಸಂದಿನಲ್ಲಿ ನುಗ್ಗಿ ಚೆಂಡನ್ನು ಬೋರ್ಡಿಗೆ ಸವರಿ ಬುಟ್ಟಿಗೆ ಬಿಟ್ಟಾಗಿತ್ತು. ಹಿಂದೆಯೇ ಆಟ ಮುಗಿದ ಸೀಟಿ.

ಗದ್ದಲವೋ ಗದ್ದಲ. ಬಿಟಿಎಂ ಕೋಚು ರೆಫರಿಯ ಮೈಮೇಲೆ ಬಿದ್ದ. "ನಮ್ ಗುಟ್ಟಿನ್ ಮಾತ್ ಕೂಗಿ ನಮ್ ಹುಡುಗ್ರನ್ನೇ ಏಮಾರ್ಸಿದ್ದಾನೆ ಸಾರ್! ಇದು ಮೋಸ!"

ರೆಫರಿ ದಿನೇಶನನ್ನು ಕರೆದ. "ಏನಪ್ಪಾ, ಬೇಕಂತ ಅಂದ್ಯಾ?"

"ಇಲ್ಲ ಸಾರ್. ಬಾಯಿ ತಪ್ತು. ಯಾವ್ ಕಾಲೇಜಲ್ಲಿ ಇದೀನಿ ಅನ್ನೋದೇ ಮರ್ತೋಯ್ತು."

ರೆಫರಿ ಅವನ ಮುಖವನ್ನು ಒಂದು ಗಳಿಗೆ ನೋಡಿ, ಬಾಯಿ ತಪ್ಪಿದ್ದಕ್ಕೆಲ್ಲ ರೂಲ್ಸಿನಲ್ಲಿ ಶಿಕ್ಷೆಯಿಲ್ಲ ಅಂತ ಹೇಳಿ ಸ್ಕೋರು ಎತ್ತಿ ಹಿಡಿಸಿದ.

ಭಾರ್ಗವ ಬಂದು ತಬ್ಬಿಕೊಂಡ. "ಗುರು, ಸಖತ್ ತಲೆ! ಅಂಕಲ್ ಆದ್ರೂ ತಲೆ ಓಡುತ್ತೆ ನಿಂದು!" ಪಿ.ಡಿ. ಸಾರ್ ಆಗಲೇ ಎದುರು ಸಿಕ್ಕವರಿಗೆಲ್ಲ ಇದು ತಾವೇ ಹೇಳಿಕೊಟ್ಟ ಉಪಾಯ ಅಂತ ಹೇಳುತ್ತಿದ್ದರು. ದಿನೇಶ ನಲ್ಲಿಯ ಹತ್ತಿರ ಹೋದಾಗ ರಘು ತಲೆಗೆ ನೀರು ಸುರಿದುಕೊಳ್ಳುತ್ತಿದ್ದ.

"ನಿನ್ ಬಾಯಿಗಷ್ಟು ಬೆಂಕಿ ಹಾಕ," ಅಂದ ರಘು. ಆಮೇಲೆ ತಾನೇ ನಕ್ಕ. "ನಾಳೆಯಿಂದ ನನ್ನ ಬೆಂಚಿಗೆ ಕೂರಿಸ್ತಾರೆ ನೋಡು."

"ಸಾರಿ ಕಣೋ."

"ಬಿಡು. ನಿನ್ ಪರೀಕ್ಷೆಗಾದ್ರೂ ಆಯ್ತಲ್ಲ. ಬರಿ ಹೋಗು."

ಮಾರನೆಯ ದಿನ ದಿನೇಶ ಪಿ.ಡಿ. ರೂಮಿಗೆ ಹೋದ. ಮೇಜಿನ ಮೇಲೆ ಕಪ್ಪು ಹೊಳೆಯುತ್ತಿತ್ತು. ಸಾರ್ ಖುಷಿಯಲ್ಲಿದ್ದರು, ಟೀ ತರಿಸಿದರು. ಹಾಜರಿಯ ಮಾತು ಎತ್ತಿದ ಕೂಡಲೇ ಲೋಟ ಕೆಳಗಿಟ್ಟರು.

"ನೋಡು ದಿನೇಶ. ಪ್ರಿನ್ಸಿಪಾಲ್ರಿಗೆ ನಿನ್ನ ಮೇಲೆ ತುಂಬಾ ಪ್ರೀತಿ ಬಂದ್ಬಿಟ್ಟಿದೆ. ಇಪ್ಪತ್ತೈದರ ತನಕ ಆಡ್ಬೋದು, ನಿಂಗಿನ್ನೂ ಒಂದ್ ವರ್ಷ ಇದೆ. ಮುಂದಿನ ವರ್ಷನೂ ನೀನೇ ಕ್ಯಾಪ್ಟನ್ನು."

"ಸಾರ್, ಪರೀಕ್ಷೆ..."

"ಪರೀಕ್ಷೆ ಪಾಸಾಗೋದ್ರೆ ನೀನು ಸ್ಟೂಡೆಂಟ್ ಅಲ್ವಲ್ಲಪ್ಪಾ. ಹೆಂಗೆ ಆಡಿಸ್ಲಿ?" ಸಾರ್ ಇದನ್ನು ತೀರಾ ಮೆತ್ತಗೆ, ಮಗುವಿಗೆ ಬಿಡಿಸಿ ಹೇಳಿದ ಹಾಗೆ ಹೇಳಿದರು. "ಈ ಸಲ ಹಾಜರಿ ಶಾರ್ಟೇಜ್ ಆಗ್ಲಿ ಬಿಡು. ಮುಂದಿನ ವರ್ಷ ಆರಾಮಾಗಿ ಬರಿ. ನಿಂಗೇನ್ ಅರ್ಜೆಂಟು?"

ದಿನೇಶನಿಗೆ ಆಗ ತಿಳಿಯಿತು. ಸೋತಿದ್ದರೆ ಇವರು ಬೈದುಕೊಂಡೇ ಸಹಿ ಹಾಕಿ ಸಾಗಹಾಕುತ್ತಿದ್ದರು. ಗೆದ್ದದ್ದೇ ತಪ್ಪಾಯಿತು. ಆ ಕಪ್ಪನ್ನು ಎತ್ತಿ ಗೋಡೆಗೆ ಅಪ್ಪಳಿಸಬೇಕು ಅನ್ನಿಸಿತು. ಟೀ ಕುಡಿಯದೆ ಎದ್ದು ಬಂದ.

ಮಂಗಳವಾರ ಬೆಳಿಗ್ಗೆ ತಂಡ ತುಮಕೂರಿಗೆ ಅಂತರ ವಲಯದ ಪಂದ್ಯಕ್ಕೆ ಹೊರಡಬೇಕಿತ್ತು. ಬಸ್ಸು ಕಾಲೇಜಿನ ಗೇಟಿನಲ್ಲಿ ನಿಂತಿತ್ತು. ದಿನೇಶ ಬಸ್ಸಿನ ಹತ್ತಿರ ಹೋಗದೆ, ಇಬ್ಬರನ್ನು ದಾರಿ ಕೇಳಿಕೊಂಡು, ಮೂರನೇ ಮಹಡಿ ಹತ್ತಿ ಕಾಸ್ಟ್ ಅಕೌಂಟಿಂಗ್ ಕ್ಲಾಸಿನ ಬಾಗಿಲಲ್ಲಿ ನಿಂತ. ಪಾಠ ಮಾಡುತ್ತಿದ್ದ ಪಂಕಜಾ ಮೇಡಂ ತಿರುಗಿ ನೋಡಿದರು.

"ಯಾರಪ್ಪ ನೀನು? ಎಲೆಕ್ಟ್ರಿಷಿಯನ್ನಾ? ಫ್ಯಾನು ಆ ಕಡೇದು."

ಕ್ಲಾಸು ಬಿದ್ದು ಬಿದ್ದು ನಕ್ಕಿತು.

"ಸ್ಟೂಡೆಂಟು ಮೇಡಂ. ದಿನೇಶ್ ಜಿ."

"ಓ, ಬ್ಯಾಸ್ಕೆಟ್‌ಬಾಲು." ಮೇಡಂ ಕನ್ನಡಕ ಸರಿಮಾಡಿಕೊಂಡರು. "ಹೆಸರು ಕೂಗಿ ಕೂಗಿ ನಂಗೇ ಸಾಕಾಗಿತ್ತು. ಈಗ ಬಂದ್ರೆ ಏನ್ ಬಂತು? ಓ.ಡಿ. ಇಲ್ದೆ ದಿನಾ ಬಂದ್ರೂ ಈ ಸೆಮ್‌ಗೆ ಹಾಜರಿ ಆಗಲ್ಲ."

"ಮುಂದಿನ ವರ್ಷ ಇದೇ ಸೆಮ್ ಮತ್ತೆ ಕೂತ್ಕೊಂಡ್ರೆ?"

"ಆಗುತ್ತೆ. ನೀನು ಇಲ್ಲಿ ಕೂತ್ರೆ. ಆಗ ಯಾರ ಓ.ಡಿ.ನೂ ಬೇಕಾಗಲ್ಲ. ಅಲ್ಲಿ ಕುಣಿದ್ರೆ ಮತ್ತೆ ಇದೇ ಕಥೆ."

ಕೆಳಗೆ ಬಸ್ಸು ಹಾರನ್ ಹೊಡೆಯಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಪಿ.ಡಿ. ಸಾರ್ ಬಾಗಿಲಲ್ಲಿ ನಿಂತು, ಮೇಡಂಗೆ ಕೈಮುಗಿದು, "ದಿನೇಶಾ, ಎಲ್ಲಾರೂ ಕಾಯ್ತಾವ್ರೆ. ಬಾ," ಅಂದರು.

"ಓ.ಡಿ. ಹಾಕಿ ಸಾರ್. ಬರ್ತೀನಿ."

"ಬಂದ್ಮೇಲೆ ಮಾತಾಡೋಣ."

"ಈಗ ಹಾಕಿ."

"ಎಲ್ಲಾರ ಮುಂದೆ ನಂಗೇ ಕಂಡೀಷನ್ನೇನೋ? ನಿನ್ನ ಕರ್ಕೊಂಬಂದೋನು ನಾನು. ಮುರಿದ ಮಂಡಿ ಇಟ್ಕೊಂಡು ಯಾವನ್ ಬಾಗಿಲಿಗೆ ಹೋಗಿದ್ದೆ ನೀನು?"

"ನಿಮ್ ಬಾಗಿಲಿಗೇ ಸಾರ್. ಅದಕ್ಕೆ ಮೂರು ವರ್ಷ ಆಡಿದೀನಿ. ಸಾಕಾಯ್ತು."

ದನಿ ಏರಲಿಲ್ಲ. ಕೂಗಾಡಿದ್ದರೆ ಸಾರ್‌ಗೆ ಸುಲಭವಾಗುತ್ತಿತ್ತು, ಬೈದು ಎಳೆದುಕೊಂಡು ಹೋಗಬಹುದಿತ್ತು. ಅವರು ಗಡಿಯಾರ ನೋಡಿದರು, ಕ್ಲಾಸಿನ ಕಡೆ ನೋಡಿದರು. "ಇವತ್ತು ಬಸ್ ಹತ್ತಲಿಲ್ಲ ಅಂದ್ರೆ ಇನ್ನು ನಮ್ ಕೋರ್ಟಿಗೆ ಕಾಲಿಡಂಗಿಲ್ಲ, ತಿಳ್ಕೋ," ಅಂದರು.

ದಿನೇಶ ಬಾಗಿಲು ಬಿಟ್ಟು ಕದಲಲಿಲ್ಲ. ಸಾರ್ ಇಳಿದು ಹೋದರು. ಕೆಳಗಿನಿಂದ ಭಾರ್ಗವ "ದಿನೇಶಣ್ಣಾ, ಬಾ ಗುರೂ!" ಅಂತ ಎರಡು ಸಲ ಕೂಗಿದ್ದು ಕಿಟಕಿಯಲ್ಲಿ ಕೇಳಿಸಿತು. ಆಮೇಲೆ ಬಸ್ಸು ಗೇರು ಹಾಕಿ ಹೊರಟ ಸದ್ದು. ಆಡುವ ವಯಸ್ಸಿನ ಕೊನೆಯ ವರ್ಷ ಅದರಲ್ಲೇ ಹೋಯಿತು.

"ಅಲ್ಲೇ ನಿಂತ್ಕೊಂಡಿರ್ತೀಯೋ, ಕೂತ್ಕೋತೀಯೋ?" ಅಂದರು ಪಂಕಜಾ ಮೇಡಂ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಚೀಲ ಎತ್ತಿಕೊಂಡು ಜಾಗ ಕೊಟ್ಟಳು. "ಕೂತ್ಕೊಳ್ಳಿ ಅಂಕಲ್," ಅಂದಳು ಮೆಲ್ಲಗೆ, ಪಕ್ಕದವಳು ಕಿಸಕ್ಕೆಂದಳು. ದಿನೇಶ ಕೂತ. ಬೆಂಚಿನ ಸಂದಿಗೆ ಮಂಡಿ ಮಡಿಸಲು ಆಗದೆ ಒಂದು ಕಾಲನ್ನು ದಾರಿಗೆ ಚಾಚಿಕೊಂಡ. ಬೋರ್ಡಿನ ತುಂಬ ಅಂಕಿಗಳಿದ್ದವು, ಒಂದೂ ಅರ್ಥವಾಗಲಿಲ್ಲ. ಮೇಡಂ ಹಾಜರಿ ಕರೆಯತೊಡಗಿದರು. ತನ್ನ ಹೆಸರು ಬರುವ ತನಕ ಅವನು ಬೋರ್ಡನ್ನೇ ನೋಡುತ್ತ ಕೂತಿದ್ದ.