ಹೆಹೆರ್ಸನ್‌ಗೆ ಸಿಕ್ಕ ಹೆಣದ ಪಾತ್ರ

ನಮ್ಮ ಅಭಿನಯ ತರಗತಿ ನಡೆಯುತ್ತಿದ್ದದ್ದು ಕುಬಾವೊ ಪೇಟೆಯ ಒಂದು ಬೇಕರಿಯ ಮಹಡಿಯ ಮೇಲೆ, ಶನಿವಾರ ಮಧ್ಯಾಹ್ನ. ಕೆಳಗಿನಿಂದ ಬ್ರೆಡ್ಡು ಬೇಯುವ ಘಮ ಏರಿ ಬರುತ್ತಿದ್ದರೆ ದುಃಖದ ಮುಖ ಮಾಡುವುದು ಯಾರಿಗಾದರೂ ಕಷ್ಟವೇ. ಆದರೂ ಹನ್ನೆರಡು ಜನರಲ್ಲಿ ಹನ್ನೊಂದು ಮಂದಿ ಹೇಗೋ ಅಳುವುದನ್ನು ಕಲಿತೆವು. ನಾನು ಹೊಲಿಗೆ ಕೆಲಸದವಳು, ವಯಸ್ಸು ನಲವತ್ತಾರು. ಮೂರನೇ ವಾರಕ್ಕೆಲ್ಲ ಎಡಗಣ್ಣೊಂದರಲ್ಲೇ ನೀರು ತರಿಸುವಷ್ಟು ಪಳಗಿಬಿಟ್ಟೆ. ಕಲಿಯದೆ ಉಳಿದವನು ಹೆಹೆರ್ಸನ್.

ಅವನು ತಾಹೋ ಮಾರುವವನು. ಹೆಗಲ ಮೇಲೆ ಅಡ್ಡೆ, ಒಂದು ತುದಿಯ ಡಬ್ಬಿಯಲ್ಲಿ ಬಿಸಿಬಿಸಿ ಸೋಯಾ ಗಿಣ್ಣು, ಇನ್ನೊಂದರಲ್ಲಿ ಬೆಲ್ಲದ ಪಾಕ, ಸಬ್ಬಕ್ಕಿ. ದಿನಾ ಬೆಳಿಗ್ಗೆ ಐದು ಗಲ್ಲಿಗಳನ್ನು ಕೂಗಿ ಎಬ್ಬಿಸಿ ಎಬ್ಬಿಸಿ ಅವನ ಗಂಟಲು ಅದೇ ರಾಗಕ್ಕೆ ಒಗ್ಗಿಹೋಗಿತ್ತು. "ನನ್ನ ಬಿಟ್ಟು ಹೋಗಬೇಡ" ಎಂಬ ಸಂಭಾಷಣೆ ಕೊಟ್ಟರೂ ಕೊನೆಯ ಅಕ್ಷರವನ್ನು ಎಳೆದೂ ಎಳೆದು, ಬಿಸಿ ಇದ್ದಾಗಲೇ ಕೊಳ್ಳಿ ಎಂಬಂತೆ ಹೇಳುತ್ತಿದ್ದ.

ಕಲಿಸುತ್ತಿದ್ದವರು ಅನ್ಸೆಲ್ಮೊ. ನಿರ್ದೇಶಕರನ್ನು ಕರೆಯುವ ಹಾಗೆ ಅವರನ್ನೂ ಎಲ್ಲರೂ 'ಡೈರೆಕ್' ಎನ್ನುತ್ತಿದ್ದೆವು. ಒಂದು ಶನಿವಾರ ಅವರು ಹೆಹೆರ್ಸನ್‌ನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಕಣ್ಮುಚ್ಚು. ನಿಮ್ಮಮ್ಮ ತೀರ್ಕೊಂಡಿದ್ದಾರೆ ಅಂದ್ಕೋ."

"ಇಲ್ಲ ಡೈರೆಕ್, ಚೆನ್ನಾಗೇ ಇದ್ದಾಳೆ. ಬೆಳಿಗ್ಗೆ ತಾನೇ ಬೈದ್ಲು."

"ಅಂದ್ಕೋಳಯ್ಯ! ಹೋಗ್ಲಿ, ನಿನ್ನ ನಾಯಿ ಸತ್ತೋಯ್ತು."

"ಅದು ಪಕ್ಕದ್ಮನೆಯವರದ್ದು ಡೈರೆಕ್. ಕಚ್ಚುತ್ತೆ ಬೇರೆ."

ಡೈರೆಕ್ ಹಣೆ ಚಚ್ಚಿಕೊಂಡರು. "ಹೆಸರಲ್ಲೇ ಹೆಹೆ ಅಂತ ಇಟ್ಕೊಂಡವನಿಗೆ ಅಳು ಎಲ್ಲಿಂದ ಬರ್ಬೇಕು!"

ಈರುಳ್ಳಿ ಹಿಡಿದು ನೋಡಿದೆವು. ಕಣ್ಣ ಕೆಳಗೆ ನೋವಿನ ಮುಲಾಮು ಹಚ್ಚಿ ನೋಡಿದೆವು. ಹದಿನಾಲ್ಕು ಸಲ ಸೀನಿದನೇ ಹೊರತು ಒಂದು ಹನಿ ಉದುರಲಿಲ್ಲ. ಕೊನೆಗೆ, ಬೇರೆಯವರು ಅಳುವಾಗ ಎದುರಿಗೊಂದು ಹೆಣ ಬೇಕಲ್ಲ, ಅವನನ್ನೇ ಮಲಗಿಸತೊಡಗಿದರು. ಆಗ ನೋಡಬೇಕಿತ್ತು! ರೆಪ್ಪೆ ಅದುರುತ್ತಿರಲಿಲ್ಲ, ಎದೆ ಏರುತ್ತಿರಲಿಲ್ಲ. ಒಮ್ಮೆ ನಾನೇ ಗಾಬರಿಯಾಗಿ ಮೂಗಿನ ಬಳಿ ಬೆರಳಿಟ್ಟು ನೋಡಿದ್ದುಂಟು.

ಹಾಗಾಗಿ ಒಂದು ಧಾರಾವಾಹಿಯವರು ಹೆಣಕ್ಕೆ ಜನ ಕೇಳಿದಾಗ ಡೈರೆಕ್ ಎರಡು ಸಲ ಯೋಚಿಸಲಿಲ್ಲ. ಕಥೆ ಇಷ್ಟು: ದುಬೈಯಲ್ಲಿ ಹದಿನೈದು ವರ್ಷ ದುಡಿದ ಗಂಡ ಶವಪೆಟ್ಟಿಗೆಯಲ್ಲಿ ಮನೆಗೆ ಬರುತ್ತಾನೆ. ಎರಡು ದಿನದ ಚಿತ್ರೀಕರಣ. ಮೂಲೆಯಲ್ಲಿ ಕೂತು ಅಳುವ ನೆಂಟರ ಗುಂಪಿನಲ್ಲಿ ನನಗೂ ಒಂದು ಜಾಗ ಸಿಕ್ಕಿತು.

ಮೊದಲ ದಿನ ಸುಸೂತ್ರವಾಗಿ ಮುಗಿಯಿತು. ಕಷ್ಟ ಬಂದದ್ದು ಮನೆ ಬಾಗಿಲಲ್ಲಿ. ಅವನ ತಾಯಿ ಕೊರಸೋನ್ ಅಮ್ಮ ಪೊರಕೆ ಅಡ್ಡ ಹಿಡಿದು ನಿಂತಿದ್ದರು.

"ಹೆಣದ ಮನೆಯಿಂದ ನೇರವಾಗಿ ಒಳಗೆ ಬರ್ತೀಯಾ? ಬುದ್ಧಿ ಇದ್ಯಾ ನಿಂಗೆ?"

"ಅಮ್ಮಾ, ಅಲ್ಲಿ ಹೆಣ ನಾನೇ!"

"ಅದಕ್ಕೇ ಹೇಳ್ತಿರೋದು. ಹೋಗು, ಎಲ್ಲಾದ್ರೂ ಸುತ್ತಾಡಿ, ಬೆನ್ನು ಹತ್ತಿ ಬಂದ ಸಾವನ್ನ ಅಲ್ಲೇ ಬಿಟ್ಟು ಬಾ."

ಪಾಪ, ನನ್ನ ಜೊತೆ ನೂಡಲ್ಸ್ ಅಂಗಡಿಯಲ್ಲಿ ಒಂದು ಗಂಟೆ ಕೂತು, ಆಮೇಲೆ ಮನೆ ಸೇರಿದ.

ಎರಡನೇ ದಿನ ಹೆಂಡತಿಯ ಉದ್ದನೆಯ ಸಂಭಾಷಣೆ. ಆ ಪಾತ್ರ ಮಾಡುತ್ತಿದ್ದವರು ವಿವೆನ್ಸಿಯಾ ಮೇಡಂ, ಇಡೀ ದೇಶದ ಕಣ್ಣಲ್ಲಿ ನೀರು ತರಿಸಿದ ನಟಿ. ಪೆಟ್ಟಿಗೆಯ ಗಾಜಿನ ಮೇಲೆ ಬಾಗಿ ಶುರು ಮಾಡಿದರು: "ಪ್ರತಿ ಕ್ರಿಸ್‌ಮಸ್‌ಗೂ ನೀನು ಡಬ್ಬ ಕಳಿಸ್ತಿದ್ದೆ. ಅದರಲ್ಲಿರೋ ಶೂ ಮಗನ ಕಾಲಿಗೆ ಒಂದು ವರ್ಷಾನೂ ಸರಿಹೋಗ್ಲಿಲ್ಲ, ಗೊತ್ತಾ? ಅವನ ಕಾಲು ನೀನು ಬಿಟ್ಟುಹೋದಷ್ಟೇ ಇದೆ ಅಂದ್ಕೊಂಡಿದ್ಯಲ್ಲೋ…"

ಹೆಣದ ಬಲಗಣ್ಣಿನಿಂದ ನೀರು ಇಳಿಯಿತು.

ಮೇಕಪ್ ಹುಡುಗಿ ಚೀರಿ ಶಿಲುಬೆಯ ಗುರುತು ಹಾಕಿಕೊಂಡಳು. ಧಾರಾವಾಹಿಯ ನಿರ್ದೇಶಕಿ "ಕಟ್!" ಎಂದು ಕಿರುಚಿದರು. "ಏಯ್ ಹೆಣ! ಏನಯ್ಯಾ ಇದು?"

"ತಪ್ಪಾಯ್ತು ಡೈರೆಕ್. ಇನ್ನೊಂದ್ಸಲ ಮಾಡಿ."

ಇನ್ನೊಂದು ಸಲವೂ ಅದೇ ಕಥೆ. ನಾಲ್ಕನೇ ಸಲ ಎರಡೂ ಕಣ್ಣು. ಮುಖ ಒರೆಸಿ ಪೌಡರ್ ಹಚ್ಚಿದಷ್ಟೂ ಒದ್ದೆಯಾಯಿತು. ಊಟದ ವಿರಾಮ ಕೊಟ್ಟರು. ಪೆಟ್ಟಿಗೆಯ ಅಂಚಿನಲ್ಲಿ ಕೂತವನಿಗೆ ನಾನು ಅನ್ನ, ಹುರಿದ ಮೀನು ತಂದುಕೊಟ್ಟೆ.

"ನಮ್ಮಪ್ಪ ಜೆಡ್ಡಾದಲ್ಲಿದ್ದ ಅಕ್ಕ," ಎಂದ. "ಶೂ ಕಳಿಸೋನು. ಯಾವಾಗ್ಲೂ ಒಂದು ಸೈಜು ಚಿಕ್ಕದು. ಬೆರಳು ಮಡಚಿ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ನಂಗೆ ಹನ್ನೊಂದಾದಾಗ ಅಲ್ಲೇ ತೀರ್ಕೊಂಡ. ಆವತ್ತು ಮನೆ ತುಂಬ ಜನ, ಎಲ್ರಿಗೂ ಕಾಫಿ ಕೊಡೋ ಕೆಲಸ ನಂದು. ಅಳೋಕೆ ಪುರುಸೊತ್ತೇ ಆಗ್ಲಿಲ್ಲ."

ನನ್ನ ತಟ್ಟೆಯ ಮೀನನ್ನೂ ಅವನ ತಟ್ಟೆಗೆ ಹಾಕಿದೆ. ಅದನ್ನೂ ತಿಂದ.

ಅಷ್ಟರಲ್ಲಿ ನಿರ್ದೇಶಕಿ ಕಥೆ ಬರೆಯುವವರಿಗೆ ಫೋನ್ ಮಾಡಿದ್ದರು. ಧಾರಾವಾಹಿ ನೋಡುವವರು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದರಂತೆ. ಫೋನಿಟ್ಟವರೇ ಚಪ್ಪಾಳೆ ತಟ್ಟಿದರು. "ಇವನು ಸತ್ತಿಲ್ಲ! ಯಾರೋ ವಿಷ ಹಾಕಿದ್ದಾರೆ. ಏಳಯ್ಯ ಮೇಲೆ!"

ಹೆಹೆರ್ಸನ್ ಬಾಯಲ್ಲಿದ್ದ ಅನ್ನ ನುಂಗಿ, ಮತ್ತೆ ಮಲಗಿ, ಹೇಳಿದ ಹಾಗೆ ನಿಧಾನವಾಗಿ ಎದ್ದು ಕೂತ. ನೆಂಟರೆಲ್ಲ ಚೀರಿದೆವು. ಹೆಂಡತಿಯ ಹೆಸರು ಕರೆಯಬೇಕಿತ್ತು. ಕರೆದ.

"ಎಸ್ತೆಲಾಆಆಆಆ!"

ವಿವೆನ್ಸಿಯಾ ಮೇಡಂ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಕ್ಯಾಮೆರಾದವನಂತೂ, "ಎರಡು ಲೋಟ ಕೊಡಣ್ಣ, ಪಾಕ ಜಾಸ್ತಿ ಇರ್ಲಿ" ಎಂದೇಬಿಟ್ಟ. ಸೆಟ್ಟಿನಲ್ಲಿ ಅರ್ಧ ಗಂಟೆ ಕೆಲಸವೇ ಸಾಗಲಿಲ್ಲ. ಕೊನೆಗೆ ಫೋನಿನ ಆ ಕಡೆಯವರೇ ದಾರಿ ಹುಡುಕಿದರು: ವಿಷಕ್ಕೆ ಗಂಡನ ಮಾತು ಬಿದ್ದುಹೋಗಿದೆ.

ಹೀಗೆ ಹೆಹೆರ್ಸನ್ ಹನ್ನೊಂದು ವಾರ ಮೂಗನಾಗಿ ಕಣ್ಣಲ್ಲೇ ನಟಿಸಿದ. ಕೊರಸೋನ್ ಅಮ್ಮ ಗಲ್ಲಿಯವರನ್ನೆಲ್ಲ ಟಿವಿ ಮುಂದೆ ಕೂರಿಸಿ, ಯಾರೂ ಕೆಮ್ಮದಂತೆ ಕಾಯುತ್ತಿದ್ದರು. ಡೈರೆಕ್ ಅನ್ಸೆಲ್ಮೊ ಮೆಟ್ಟಿಲ ಬಳಿ ಅವನ ದೊಡ್ಡ ಫೋಟೊ ಹಾಕಿದರು. "ಅಳುವ ಕಲೆಯನ್ನು ನಮ್ಮಲ್ಲೇ ಕಲಿತವರು" ಎಂದು ಕೆಳಗೆ ಬರೆಸಿದರು. ನಾವ್ಯಾರೂ ಅಲ್ಲಗಳೆಯಲಿಲ್ಲ.

ಈಗ ಅವನಿಗೆ ಇನ್ನೊಂದು ಧಾರಾವಾಹಿಯಲ್ಲಿ ಪಾದ್ರಿಯ ಪಾತ್ರ. ಹೆಚ್ಚು ಮಾತಿಲ್ಲ, ತಲೆಯಾಡಿಸುವುದೇ ಜಾಸ್ತಿ. ಹೋದ ವಾರ ಬಟ್ಟೆ ಬದಲಿಸಲು ಪುರುಸೊತ್ತಾಗದೆ ಬಿಳಿ ನಿಲುವಂಗಿಯಲ್ಲೇ ಗಲ್ಲಿಗೆ ಬಂದ. ಎದುರುಮನೆಯ, ಕಣ್ಣು ಮಂಜಾದ ಮುದುಕ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ, ಬಾಡಿಗೆಗೆ ಓಡಿಸಲು ಹೊಸದಾಗಿ ಕೊಂಡ ಮೂರು ಚಕ್ರದ ಟ್ರೈಸಿಕಲ್ ಗಾಡಿಯ ಮುಂದೆ ನಿಲ್ಲಿಸಿ, ಆಶೀರ್ವಾದ ಮಾಡಿ ಎಂದು ಟೋಪಿ ತೆಗೆದ. ಇವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಬೇರೆ ದಾರಿ ಕಾಣದೆ ಗಂಭೀರವಾಗಿ ಕೈಯೆತ್ತಿ, ಹ್ಯಾಂಡಲ್‌ನಿಂದ ಹಿಂದಿನ ಚಕ್ರದವರೆಗೆ ಆಶೀರ್ವಾದ ಮಾಡಿದ.

ಗಾಡಿ ಚೆನ್ನಾಗಿಯೇ ಓಡುತ್ತಿದೆಯಂತೆ.