ಇನ್ನೊಂದು ಮೊಳ

ಊಟಕ್ಕೆ ಕೂತಿದ್ದ ಮಾರೂಲಾಳ ಬ್ರೆಡ್ಡಿನ ಮೇಲೆ ಮಣ್ಣು ಉದುರಿತು. ಹೆಚ್ಚೇನಲ್ಲ, ಒಂದು ಚಿಟಿಕೆ. ಬಾಯಲ್ಲಿದ್ದ ಆಲಿವ್ ಹಣ್ಣನ್ನು ಅಗಿಯುವುದು ಬಿಟ್ಟು ಅವಳು ತಲೆಯೆತ್ತಿದಳು. ಹೆಲ್ಮೆಟ್ಟಿನ ದೀಪದ ಬೆಳಕು ಸುರಂಗದ ಚಾವಣಿಯ ಮೇಲೆ ಬಿತ್ತು. ನಿನ್ನೆ ಕೂದಲೆಳೆಯಷ್ಟಿದ್ದ ಬಿರುಕಿನೊಳಗೆ ಇವತ್ತು ಬೆರಳು ತೂರಿಸಬಹುದಿತ್ತು.

“ಲೆಫ್ತೇರಿ, ಮೇಲೆ ನೋಡು.”

ಗಂಡ ಲೆಫ್ತೇರಿಸ್ ನೋಡಲಿಲ್ಲ. ಚೀಸಿನ ತುಂಡನ್ನು ಬಾಯಿಗೆ ಹಾಕಿಕೊಂಡ. “ನೋಡಿದೀನಿ. ನೀನು ತಿನ್ನು.”

ಅವಳಿಗೆ ತಿನ್ನಲಾಗಲಿಲ್ಲ. ಪಕ್ಕದಲ್ಲಿದ್ದ ಪಿಕಾಸಿ ಎತ್ತಿ, ಅದರ ಹಿಂಬದಿಯಿಂದ ಚಾವಣಿಯನ್ನು ಮೆಲ್ಲಗೆ ತಟ್ಟಿದಳು. ಗಟ್ಟಿ ಕಲ್ಲಾದರೆ ಟಣ್ ಎನ್ನಬೇಕು. ಗಣಿಯ ಊರಾದ ಕೂಬರ್ ಪೀಡಿಯಲ್ಲಿ ಇದು ಮಕ್ಕಳಿಗೂ ಗೊತ್ತು. ಈ ಚಾವಣಿ ಡಬ್ ಎಂದಿತು, ಒಳಗೆ ಕೊಳೆತ ಕುಂಬಳಕಾಯಿಯ ಹಾಗೆ. ಇಷ್ಟು ಹೊತ್ತು ಅದರಡಿಯಲ್ಲೇ ಕಾಲು ಚಾಚಿಕೊಂಡು ಊಟಕ್ಕೆ ಕೂತಿದ್ದೆವಲ್ಲ ಎಂದುಕೊಂಡ ಮಾರೂಲಾ ತಟ್ಟನೆ ಪಕ್ಕಕ್ಕೆ ಸರಿದಳು.

“ಕೇಳಿಸ್ತಾ? ಇದು ಬೀಳುತ್ತೆ. ನಡಿ, ಮೇಲೆ ಹೋಗೋಣ.”

“ಬಿರುಕು ಬಿಟ್ಟಿದೆ ಅಂತಾನೇ ಅಲ್ವೇನೇ ನಾನು ಇಲ್ಲಿ ಅಗೀತಿರೋದು?” ಎಂದ ಲೆಫ್ತೇರಿಸ್. “ಇನ್ನೊಂದು ಮೊಳ. ಒಂದೇ ಒಂದು ಮೊಳ ಮುಂದೆ ಹೋದ್ರೆ ಸಾಕು.”

ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ನಮ್ಮೂರಿನ ನೆಲದಲ್ಲಿ ಓಪಲ್, ಬಣ್ಣ ನೋಡಿ ಬೆಲೆ ಕಟ್ಟುವ ಆ ರತ್ನ, ಕೂತಿರುವುದು ಬಿರುಕಿನ ಪಕ್ಕದಲ್ಲೇ, ಚಾವಣಿ ಕಳಚಿ ಬೀಳುವುದೂ ಅದೇ ಬಿರುಕಿನಿಂದಲೇ. ದೇವರು ಎರಡನ್ನೂ ಒಂದೇ ಜಾಗದಲ್ಲಿಟ್ಟು ಮೇಲೆ ಕೂತು ತಮಾಷೆ ನೋಡುತ್ತಿದ್ದಾನೆ. ಕಂಬ ಕೊಟ್ಟು ನಿಲ್ಲಿಸೋಣ ಎಂದರೆ ಮರುಭೂಮಿಯಲ್ಲಿ ಮರ ಎಲ್ಲಿದೆ? ಕಲ್ಲನ್ನೇ ನಂಬಬೇಕು, ಅದು ನಂಬಿಕೆ ಕೆಡಿಸುವವರೆಗೆ.

ಇನ್ನೊಂದು ಮೊಳ ಎನ್ನುವುದು ಇವನೊಬ್ಬನ ಹುಚ್ಚಲ್ಲ, ಇಡೀ ಊರಿನದು. ಅದರ ಹಿಂದೆ ಒಂದು ಕಥೆಯಿದೆ. ಯಾನೋಶ್ ಎಂಬ ಹಂಗೇರಿಯವನೊಬ್ಬ ವರ್ಷಗಟ್ಟಲೆ ಅಗೆದು, ಸಾಕಾಗಿ, ತನ್ನ ಗುಂಡಿಯನ್ನು ಒಂದು ಹಳೇ ಫ್ರಿಜ್ಜಿನ ಬದಲಿಗೆ ಕೊಟ್ಟು ಬಸ್ಸು ಹತ್ತಿದನಂತೆ. ಕೊಂಡವನು ಯಾನೋಶ್ ನಿಲ್ಲಿಸಿದ ಗೋಡೆಗೇ ಪಿಕಾಸಿ ಹಾಕಿದನಂತೆ. ಒಂದೇ ಮೊಳ ಮುಂದೆ ಕೆಂಪು ಹೊಳೆಯುವ ಓಪಲ್, ಬೊಗಸೆ ಬೊಗಸೆ. ಯಾವ ಗುಂಡಿ ಎಂದು ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ. ಆದರೆ ಕಥೆಯನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ. ಗುಂಡಿ ಬಿಟ್ಟುಹೋಗಿ ಏನೂ ಕಳೆದುಕೊಳ್ಳದೆ ಅಡಿಲೇಡಿನಲ್ಲಿ ತಣ್ಣಗೆ ಮೀನಿನ ಅಂಗಡಿ ಇಟ್ಟುಕೊಂಡವರ ಕಥೆಯನ್ನು ನಮ್ಮೂರ ಬಾರಿನಲ್ಲಿ ಯಾರು ಕೇಳುತ್ತಾರೆ?

ಲೆಫ್ತೇರಿಸನ ಜಾಗದಲ್ಲಿ ಅಗೆಯುವ ಪರವಾನಗಿಯ ಅವಧಿ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಈ ಸಲ ಮುಂದುವರಿಸುವುದಿಲ್ಲ, ಮಗಳಿರುವ ಅಡಿಲೇಡಿಗೆ ಹೋಗಿಬಿಡೋಣ ಎಂದು ಅವನೇ ಹೆಂಡತಿಗೆ ಮಾತು ಕೊಟ್ಟಿದ್ದ. ಅವಧಿ ಮುಗಿದ ಜಾಗಕ್ಕೆ ಯಾರು ಬೇಕಾದರೂ ಮೂಲೆಗಳಲ್ಲಿ ಗೂಟ ಹೊಡೆದು ತನ್ನದೆನ್ನಬಹುದು. ಶುಕ್ರವಾರ ಹತ್ತಿರವಾದಷ್ಟೂ ಅವನು ಮೈಮೇಲೆ ದೆವ್ವ ಬಂದವನ ಹಾಗೆ ಅಗೆಯತೊಡಗಿದ್ದ.

“ಗೂಟ ಹೊಡ್ಕೊಳ್ಳೋಕೆ ಮೀಲೆ ಕಾಯ್ತಿದಾನೆ, ಗೊತ್ತಾ?” ಎಂದ ಈಗ ದನಿ ತಗ್ಗಿಸಿ, ಇಷ್ಟು ಆಳದಲ್ಲೂ ಯಾರೋ ಕೇಳಿಸಿಕೊಂಡಾರು ಎನ್ನುವಂತೆ.

ಮೀಲೆ ಎಂದರೆ ಪಕ್ಕದ ಜಾಗದ ಕ್ರೊಯೇಷಿಯದವನು.

“ಅವನಿಗೇ ಏನೂ ಸಿಕ್ಕಿಲ್ಲ ಪಾಪ. ನಿನ್ನೆ ತಾನೇ ಹೇಳಿದ.”

“ಅದೇ ಮತ್ತೆ! ಏನೂ ಸಿಕ್ಕಿಲ್ಲ ಅಂದ್ನಾ? ಅಂದ್ರೆ ಸಿಕ್ಕಿದೆ.”

“ಸಿಕ್ಕಿದೆ ಅಂದಿದ್ರೆ?”

“ಸಿಕ್ಕಿದೆ ಅಂತ ಯಾವ ಮುಠ್ಠಾಳ ಹೇಳ್ತಾನೆ?”

ಇನ್ನೊಬ್ಬನಿಗೆ ಏನು ಸಿಕ್ಕಿತು ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕೇಳಿದರೂ ಸಿಕ್ಕವನು, ಸಿಗದವನು ಇಬ್ಬರೂ “ಏನಿಲ್ಲ” ಎಂದೇ ಹೇಳುತ್ತಾರೆ. ಹೀಗಾಗಿ ಪಕ್ಕದವನ ಗುಂಡಿಯಲ್ಲಿ ಯಾವಾಗಲೂ ಓಪಲ್ ಇರುತ್ತದೆ.

“ಏಳು ವರ್ಷ ಇದರೊಳಗೆ ಹಾಕಿದೀಯ,” ಎಂದಳು ಮಾರೂಲಾ. “ಎಲ್ಲಾ ಹಾಳಾಯ್ತು, ಹೋಗಲಿ. ಜೀವಾನೂ ಹಾಕ್ಬೇಡ. ನಿನ್ನ ಕಾಲು ಹಿಡ್ಕೋತೀನಿ, ಬಾ.”

ಅವನ ಮುಖ ಕಲ್ಲಾಯಿತು. “ಹಾಳಾಯ್ತಾ? ಯಾರು ಹೇಳಿದ್ದು ಹಾಳಾಯ್ತು ಅಂತ? ಮೇಲೆ ಹೋಗಿ ರಾಟೆ ನೋಡ್ಕೊ.”

ಅವಳು ಕಬ್ಬಿಣದ ಏಣಿ ಹತ್ತಿದಳು. ಪ್ರತಿ ಮೆಟ್ಟಿಲಿಗೂ ಕೆಳಗಿನಿಂದ ಅವನ ಪಿಕಾಸಿಯ ಸದ್ದು ಕೇಳುತ್ತಿತ್ತು. ಈ ಏಣಿ ಅವಳಿಗೆ ಮಾತ್ರ. ಲೆಫ್ತೇರಿಸನ ಮಂಡಿ ಕೆಟ್ಟು ಎಷ್ಟೋ ಕಾಲವಾಗಿತ್ತು, ಅವನು ಇಳಿಯುವುದು ಏರುವುದು ಎಲ್ಲಾ ಮೋಟಾರು ರಾಟೆಯ ಬಕೆಟ್ಟಿನಲ್ಲೇ. ರಾಟೆ ನಡೆಸುವವಳು ಇವಳು. ಕೆಳಗೆ ಜನ ಇರುವಾಗ ರಾಟೆಯವರು ಜಾಗ ಬಿಟ್ಟು ಅಲ್ಲಾಡಬಾರದು. ಆದ್ದರಿಂದ ಓಡಿಹೋಗಿ ಯಾರನ್ನಾದರೂ ಕರೆತರೋಣ ಎಂದರೂ ಆಗುವಂತಿರಲಿಲ್ಲ.

ಮೇಲೆ ಬಿಸಿಲು ಕೆನ್ನೆಗೆ ಹೊಡೆಯಿತು. ಸುತ್ತಲೂ ಬಿಳಿ ಮಣ್ಣಿನ ಗುಡ್ಡೆಗಳು. ದೂರದಲ್ಲಿ ಮೀಲೆ ತನ್ನ ಲಾರಿಯ ನೆರಳಲ್ಲಿ ಟೋಪಿಯಿಂದ ಮುಖ ಮುಚ್ಚಿಕೊಂಡು ಮಲಗಿದ್ದ. ಮಾರೂಲಾ ಮಗಳಿಗೆ ಫೋನ್ ಮಾಡಿದಳು.

ಡೆಸ್ಪಿನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವಳು. ಜನ ದುಡ್ಡಿನ ವಿಷಯದಲ್ಲಿ ಯಾಕೆ ಹೀಗೆ ತಲೆಕೆಟ್ಟವರಂತೆ ಆಡುತ್ತಾರೆ ಎನ್ನುವುದೇ ಅವಳ ಪಾಠ. ಅರ್ಥಶಾಸ್ತ್ರವನ್ನೂ ಮನಶ್ಶಾಸ್ತ್ರವನ್ನೂ ಕೂಡಿಸಿದ್ದು ಎಂದು ಅವಳು ವಿವರಿಸಿದಾಗ, ಎರಡನ್ನೂ ಕೂಡಿಸಿದರೆ ಹುಚ್ಚಾಸ್ಪತ್ರೆ ಆಗುತ್ತದೆ ಎಂದು ಅಪ್ಪ ನಕ್ಕಿದ್ದ.

“ಚಾವಣಿ ಡಬ್ ಅಂತಿದೆ ಕಣೇ,” ಎಂದಳು ತಾಯಿ. “ನಿಮ್ಮಪ್ಪ ಬರ್ತಿಲ್ಲ.”

ಈ ಊರಲ್ಲೇ ಬೆಳೆದ ಹುಡುಗಿಗೆ ಬೇರೇನೂ ಹೇಳಬೇಕಾಗಿರಲಿಲ್ಲ.

“ನೀನು ಏನಂದೆ ಅಪ್ಪಂಗೆ?”

“ಏಳು ವರ್ಷ ಹಾಳಾಯ್ತು, ಸಾಕು ಬಾ ಅಂದೆ.”

“ಅಯ್ಯೋ ಅಮ್ಮಾ, ಅದೊಂದನ್ನ ಬಿಟ್ಟು ಬೇರೆ ಏನಾದ್ರೂ ಹೇಳಬಾರದಿತ್ತಾ? ಮೇಲೆ ಬಂದ್ರೆ ಅಷ್ಟೂ ವರ್ಷ ದಂಡ ಅಂತ ಒಪ್ಕೊಂಡಂಗೆ. ಅಗೀತಾ ಇರೋವರೆಗೆ ಇನ್ನೂ ದಂಡ ಆಗಿಲ್ಲ. ನೀನು ಹಾಳಾಯ್ತು ಅಂದಷ್ಟೂ ಅವರು ಒಳಗೆ ಹೋಗ್ತಾರೆ.”

“ಸತ್ತು ಹೋಗ್ತೀಯ ಅಂತಾನೂ ಹೇಳಿ ನೋಡ್ದೆ, ದಿನಾ ಹೇಳ್ತೀನಿ.”

“ಚಾವಣಿ ಬೀಳೋದು ಯಾವಾಗ್ಲೂ ಬೇರೆಯವರ ಮೇಲೆ ಅಮ್ಮ. ಎಲ್ಲರಿಗೂ ಹಂಗೇ ಅನ್ಸೋದು.”

“ನಿನ್ನ ಪಾಠ ನಿನ್ನ ಹುಡುಗರಿಗೆ ಹೇಳ್ಕೊ!” ಮಾರೂಲಾ ಕಿರುಚಿದಳು. “ನಾನೇನು ಮಾಡ್ಲಿ, ಅದನ್ನ ಹೇಳು!”

“ಬೈಬೇಡ, ಯೋಚ್ನೆ ಮಾಡ್ತಿದೀನಿ.” ಎಂದಳು ಡೆಸ್ಪಿನಾ. “ಸಿಗೋದರ ಆಸೆಗಿಂತ ಕಳ್ಕೊಳ್ಳೋದರ ಭಯ ದೊಡ್ಡದು. ಅಪ್ಪಂಗೆ ಓಪಲ್ ಸಿಗದಿದ್ರೆ ಅಂತ ಭಯ ಇಲ್ಲ. ತಾನು ಬಿಟ್ಟ ಜಾಗದಲ್ಲಿ ಇನ್ನೊಬ್ಬನಿಗೆ ಸಿಕ್ಕಿಬಿಟ್ರೆ ಅಂತ ಭಯ. ಆ ಭಯಾನೇ ಅವರನ್ನ ಅಲ್ಲಿ ಹಿಡ್ಕೊಂಡಿರೋದು. ಅದು ಅವರನ್ನ ಮೇಲಕ್ಕೆ ಎಳೆಯೋ ಹಂಗೆ ಮಾಡೋಕಾದ್ರೆ...”

ಅಷ್ಟರಲ್ಲಿ ಗುಂಡಿಯ ಬಾಯಿಂದ ಒಂದು ಉಸಿರು ಬಂತು. ಯಾರೋ ಕೆಳಗಿನಿಂದ ಊದಿದ ಹಾಗೆ. ಅದರ ಹಿಂದೆಯೇ ತೆಳ್ಳಗೆ ಧೂಳು.

“ಲೆಫ್ತೇರಿ!”

ಮಾರೂಲಾ ಗುಂಡಿಯ ಅಂಚಿಗೆ ಬೋರಲು ಬಿದ್ದು ಮತ್ತೆ ಕೂಗಿದಳು.

“ಏನೂ ಆಗಿಲ್ಲ!” ಕೆಳಗಿನಿಂದ ಕೆಮ್ಮಿನ ನಡುವೆ ಅವನ ದನಿ. “ಸ್ವಲ್ಪ ಉದುರ್ತು, ಅಷ್ಟೇ. ಒಳ್ಳೇದೇ ಆಯ್ತು, ನನಗೆ ಅಗಿಯೋ ಕೆಲಸ ತಪ್ತು!”

ಪಿಕಾಸಿಯ ಸದ್ದು ಮತ್ತೆ ಶುರುವಾಯಿತು. ಮುಂಚಿಗಿಂತ ಜೋರಾಗಿ.

“ಅಮ್ಮಾ! ಏನಾಯ್ತು? ನಾನು ರಕ್ಷಣೆಯವರಿಗೆ ಹೇಳ್ತೀನಿ,” ಎಂದಳು ಡೆಸ್ಪಿನಾ.

“ಅವರು ಬರೋದ್ರೊಳಗೆ...” ಎಂದ ಮಾರೂಲಾ ಮುಂದಿನದನ್ನು ನುಂಗಿಕೊಂಡಳು. “ಫೋನ್ ಇಡಬೇಡ ಕಣೇ. ನೀನು ಇಟ್ಟುಬಿಟ್ರೆ ನಾನಿಲ್ಲಿ ಒಬ್ಬಳೇ.”

ಫೋನನ್ನು ಡೀಸೆಲ್ ಡಬ್ಬದ ಮೇಲೆ ಹಾಗೇ ಇಟ್ಟಳು. ಕೈ ರಾಟೆಯ ಹಿಡಿಯ ಮೇಲಿತ್ತು, ಕಣ್ಣು ಮೀಲೆಯ ಮೇಲೆ. ಬೇಸಿಗೆಯಲ್ಲಿ ಅವರ ನೀರಿನ ಡ್ರಮ್ಮು ಖಾಲಿಯಾದಾಗಲೆಲ್ಲ ಕೇಳದೆಯೇ ತುಂಬಿಸಿಕೊಟ್ಟವನು ಅವನು. ನಮ್ಮೂರಲ್ಲಿ ಹೆಂಡತಿಯನ್ನು ಓಡಿಸಿಕೊಂಡು ಹೋದವನನ್ನಾದರೂ ನಾಳೆ ಬಾರಿನಲ್ಲಿ ಮಾತಾಡಿಸುತ್ತಾರೆ, ಇನ್ನೊಬ್ಬರ ಗೂಟ ಕಿತ್ತವನನ್ನು ಮಾತಾಡಿಸುವುದಿಲ್ಲ. ಅಂಥ ಅಪವಾದವನ್ನು ಈಗ ಆ ಮನುಷ್ಯನ ಮೇಲೆ ಹೊರಿಸಬೇಕಿತ್ತು. ಕೆಳಗೆ ಏನೋ ಲಟಕ್ಕೆಂದಿತು.

“ಲೆಫ್ತೇರಿ! ಮೀಲೆ ನಮ್ಮ ಗೂಟ ಕೀಳ್ತಿದಾನೆ!”

ಪಿಕಾಸಿ ನಿಂತಿತು.

“ಏನಂದೆ?”

“ಗೂಟ! ಮೂಲೆ ಗೂಟ ಕಿತ್ತು ಈ ಕಡೆ ಹಾಕ್ತಿದಾನೆ! ಬೇಗ ಬಾ!”

ಕೆಳಗೆ ಬೈಗುಳ, ಕುಂಟು ಹೆಜ್ಜೆಯ ಸದ್ದು, ಬಕೆಟ್ಟು ಗೋಡೆಗೆ ಬಡಿದ ಸದ್ದು. “ಎಳಿ! ಎಳಿಯೇ!” ಏಳು ವರ್ಷದ ಬದುಕು, ಚಾವಣಿ, ಹೆಂಡತಿಯ ಕಣ್ಣೀರು ಯಾವುದಕ್ಕೂ ಅಲ್ಲಾಡದ ಮನುಷ್ಯ ಒಂದು ಮರದ ಗೂಟಕ್ಕಾಗಿ ಬಕೆಟ್ಟಿಗೆ ಕಾಲಿಟ್ಟಿದ್ದ.

ಅವಳು ಹಿಡಿ ಎಳೆದಳು. ಮೋಟಾರು ಗೊಣಗಿತು, ತಂತಿ ಸುತ್ತತೊಡಗಿತು. ಇಷ್ಟು ನಿಧಾನವಾಗಿ ಅದು ಯಾವತ್ತೂ ಸುತ್ತಿರಲಿಲ್ಲ. ಬಾ, ಬಾ, ಬಾ ಎಂದು ಅವಳು ತಂತಿಗೇ ಹೇಳುತ್ತಿದ್ದಳು. ಅರ್ಧದಾರಿಗೆ ಬಂದಿರಬೇಕು, ಆಗ ಬಿತ್ತು. ಸದ್ದು ಕಿವಿಗಿಂತ ಮೊದಲು ಅವಳ ಹೊಟ್ಟೆಗೆ ತಾಕಿತು. ನೆಲ ಒಮ್ಮೆ ಕುಸಿದಂತಾಗಿ ರಾಟೆಯ ಕಾಲುಗಳು ಅದುರಿದವು. ಗುಂಡಿಯಿಂದ ಧೂಳು ಕಂಬದಂತೆ ಎದ್ದು ಅವಳನ್ನೂ ಮೋಟಾರನ್ನೂ ಬಿಸಿಲನ್ನೂ ಮುಚ್ಚಿಬಿಟ್ಟಿತು. ಕಣ್ಣು ಕಾಣಿಸಲಿಲ್ಲ. ತಂತಿಯಲ್ಲಿ ಭಾರವಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಅವಳು ಹಿಡಿ ಬಿಡಲಿಲ್ಲ. ಹುಟ್ಟಿದೂರಿನ ಸಂತರ ಹೆಸರೆಲ್ಲ ಒಂದರ ಮೇಲೊಂದು ಬಾಯಿಗೆ ಬಂದವು.

ಧೂಳಿನೊಳಗಿಂದ ಒಂದು ಬಿಳಿ ಕೈ ಬಂದು ಅಂಚನ್ನು ಹಿಡಿಯಿತು.

ಅವಳು ಅವನ ಅಂಗಿ ಹಿಡಿದು ಎಳೆದುಕೊಂಡಳು. ಅವನು ಕೆಮ್ಮುತ್ತ, ಉಗುಳುತ್ತ ಎದ್ದು ನಿಂತ. ಸಾವು ಹಿಮ್ಮಡಿ ಸವರಿ ಹೋಗಿದೆ ಎನ್ನುವುದು ಇನ್ನೂ ತಲೆಗೆ ಇಳಿದಿರಲಿಲ್ಲ. ಬಿದ್ದಿದ್ದ ಸಲಿಕೆ ಎತ್ತಿಕೊಂಡು ಮೂಲೆ ಗೂಟದ ಕಡೆ ಕುಂಟುತ್ತ ಓಡಿದ.

ಗೂಟ ಅಲ್ಲೇ ಇತ್ತು. ಆ ಬಡಿತಕ್ಕೆ ಎಚ್ಚರಗೊಂಡ ಮೀಲೆ ತನ್ನ ಲಾರಿಯ ಪಕ್ಕದಲ್ಲಿ ಬರಿಗಾಲಲ್ಲಿ ನಿಂತು, “ಎಲ್ಲಾ ಸರಿ ಇದೀರೇನ್ರೋ?” ಎಂದು ಗಾಬರಿಯಿಂದ ಕೂಗುತ್ತಿದ್ದ.

ಲೆಫ್ತೇರಿಸ್ ಗೂಟವನ್ನು ನೋಡಿದ, ಮೀಲೆಯನ್ನು ನೋಡಿದ, ಹಿಂದಿರುಗಿ ಧೂಳು ಕಾರುತ್ತಿದ್ದ ತನ್ನ ಗುಂಡಿಯನ್ನು ನೋಡಿದ. ಸಲಿಕೆ ಕೈಜಾರಿತು. “ಏನಿಲ್ಲ, ಏನಿಲ್ಲ!” ಎಂದು ಮೀಲೆಗೆ ಕೈಬೀಸಿ, ಮೆಲ್ಲಗೆ ಹಿಂದೆ ಬಂದು ಡೀಸೆಲ್ ಡಬ್ಬದ ಪಕ್ಕ ಕುಸಿದು ಕೂತ.

“ಸುಳ್ಳು ಹೇಳ್ದೆ,” ಎಂದ.

“ಹೇಳ್ದೆ.”

“ಅವನ ಮೇಲೆ ಅಂಥ ಮಾತು ಹೇಳ್ದೆ.”

“ಹೇಳ್ದೆ. ಇನ್ನೂ ಹತ್ತು ಹೇಳ್ತಿದ್ದೆ.” ಅವಳು ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ಅವನ ಕೂದಲಿನ ತುಂಬ ಕಲ್ಲಿನ ಪುಡಿ. ಅವನ ಮೈ ಈಗ ಗಡಗಡ ನಡುಗತೊಡಗಿತ್ತು, ಹಲ್ಲು ಒಂದಕ್ಕೊಂದು ಬಡಿಯುತ್ತಿತ್ತು. ಡಬ್ಬದ ಮೇಲಿನ ಫೋನಿನಲ್ಲಿ ಡೆಸ್ಪಿನಾ ಕೂಗುತ್ತಲೇ ಇದ್ದಳು, “ಅಮ್ಮಾ? ಅಪ್ಪ ಬಂದ್ರಾ? ಯಾರಾದ್ರೂ ಮಾತಾಡಿ!”

ಮಾರೂಲಾ ಫೋನಿಗೆ ಕೈ ಚಾಚಿದಳು. ಮನೆಗೆ ಹೋಗೋಣ ಎನ್ನಬೇಕು, ಇವತ್ತೇ ಬಸ್ಸು ಹತ್ತೋಣ ಎನ್ನಬೇಕು, ಬಂದ್ರು ಕಣೇ ನಿಮ್ಮಪ್ಪ ಎನ್ನಬೇಕು ಎಂದು ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗಂಡ ಅವಳ ಮಣಿಕಟ್ಟು ಹಿಡಿದ. ತುಟಿಯನ್ನು ಅವಳ ಕಿವಿಯ ಹತ್ತಿರ ತಂದ.

“ಮಾರೂಲಾ,” ಎಂದ, “ನೀನು ಕೂಗಿದಾಗ, ಬಿರುಕಿನ ಒಳಗೆ... ದೀಪದ ಬೆಳಕು ಬಿತ್ತು. ಹೊಳೀತು. ನಾನು ಕಣ್ಣಾರೆ ನೋಡ್ದೆ.”

ಅವಳ ಅಳು ನಿಂತಿತು.

ಮೀಲೆ ಇನ್ನೂ ತನ್ನ ಲಾರಿಯ ಪಕ್ಕ ನಿಂತು ಇತ್ತ ಕಡೆಯೇ ನೋಡುತ್ತಿದ್ದ. ಮಾರೂಲಾ ಅವನಿಗೆ ಬೆನ್ನು ಮಾಡಿ ಕೂತಳು. ಮಣ್ಣು ಮೆತ್ತಿದ ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದಳು.

“ಯಾವ ಬಣ್ಣ?”

ಫೋನಿನಲ್ಲಿ ಮಗಳು ಕೂಗುವುದನ್ನು ನಿಲ್ಲಿಸಿದಳು.